ಶಿರಹಟ್ಟಿ ಕಡೆ 4 ಎಕರೆ ಹೊಲ, 30 ಕುರಿ-ಆಡು: ಬೇಲಿ ಹೆಂಗ ಹಾಕೋದು, ಹುಲ್ಲು ಯಾವುದು ಬಿತ್ತೋದು?

ಮಸಾರಿ_ಹೊಲ ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ಶಿರಹಟ್ಟಿ ತಾಲ್ಲೂಕಿನಾಗ 4 ಎಕರೆ ಹೊಲ, ಒಂದ ತುಕಡಿ. ಅಗಲ 330 ಫೂಟು, ಉದ್ದ 528 ಫೂಟು. ಮ್ಯಾಲಿನ 3 ಎಕರೆ ಮಸಾರಿ (ಕೆಂಪು ಮಣ್ಣು), ಕೆಳಗಿನ 1 ಎಕರೆ ಎರಿ (ಕರಿ ಮಣ್ಣು). ಎರಿ ಬದಿಗೆ ಸಣ್ಣ ಹಳ್ಳ, ಮಳಿಗಾಲದಾಗ ಅಷ್ಟ ಹರಿತೈತಿ. ಸದ್ಯ 25 ಕುರಿ, 5 ಆಡು, 2 ಎಮ್ಮಿ ಅದಾವ. ಬೋರಿನ ನೀರು ಅರ್ಧ ಎಕರೆ ನೇಪಿಯರ್‌ಗೆ ಸಾಕಾಗತೈತಿ, ಅದರ ಮ್ಯಾಲ ಇಲ್ಲ.

ಸುತ್ತೂ ಚೈನ್‌ಲಿಂಕ್ ಹಾಕಿ, ಒಳಗ ಹುಲ್ಲು ಬಿತ್ತಿ, ವರ್ಷಪೂರ್ತಿ ಅಲ್ಲೇ ಮೇಯಿಸಬೇಕಂತ ವಿಚಾರ. ಚೈನ್‌ಲಿಂಕ್ ಬೇಕೋ, ಝಟ್ಕಾ ತಂತಿ (ಕರೆಂಟಿನ ಏಟು ಕೊಡೂ ಬೇಲಿ) ಸಾಕೋ? ಒಳಗ ಎಷ್ಟು ಭಾಗ ಮಾಡಬೇಕು? ಮಸಾರಿಗೊಂದು ಎರಿಗೊಂದು ಹುಲ್ಲು ಬೇರೆ ಬೇರೆ ಬೇಕೇನು? ತಿಳಿದವರು ಲೆಕ್ಕ ಹಾಕಿ ಹೇಳ್ರಿ.

---

ಮೇವು_ಧಾರವಾಡ:

ಬೇಲಿಯ ಮಾತಿಗೆ ಮುಂಚೆ ಹೊಟ್ಟೆಯ ಲೆಕ್ಕ ನೋಡೋಣ. "ವರ್ಷಪೂರ್ತಿ ಅಲ್ಲೇ" ಎನ್ನುವುದು ಈ ಜಾಗದಲ್ಲಿ ನಡೆಯುವುದಿಲ್ಲ.

30 ಕಿಲೋ ತೂಕದ ಕುರಿಗೆ ದಿನಕ್ಕೆ ಸುಮಾರು 1 ಕಿಲೋ ಒಣ ಅಂಶ (ನೀರಿನಂಶ ಕಳೆದು ಉಳಿಯುವ ಮೇವು) ಬೇಕು. ಹಸಿ ಹುಲ್ಲಿನ ತೂಕದಲ್ಲಿ ಅದು 4ರಿಂದ 5 ಕಿಲೋ. 30 ಜೀವಕ್ಕೆ ದಿನಕ್ಕೆ 30 ಕಿಲೋ ಒಣ ಅಂಶವಾಯಿತು. ಮಳೆ ಆಶ್ರಯದ ಮಸಾರಿಯಲ್ಲಿ ಹುಲ್ಲು ಚೆನ್ನಾಗಿ ಕೂತ ಮೇಲೂ ಎಕರೆಗೆ ವರ್ಷಕ್ಕೆ ಒಂದೂವರೆ ಟನ್ ಒಣ ಅಂಶವೆಂದು ಹಿಡಿಯಿರಿ, ಹೆಚ್ಚು ಬಂದರೆ ಲಾಭ. 3 ಎಕರೆಗೆ 4,500 ಕಿಲೋ. ಅಷ್ಟನ್ನೂ ಬುಡದವರೆಗೆ ಮೇಯಿಸಿದರೆ ಮರುವರ್ಷ ಹುಲ್ಲಿನ ಜಾಗದಲ್ಲಿ ಕಾಂಗ್ರೆಸ್ ಕಸ ನಿಂತಿರುತ್ತದೆ. ನೂರಕ್ಕೆ 60 ಮೇಯಿಸಿದರೆ 2,700 ಕಿಲೋ, ಅಂದರೆ 90 ದಿನ. ಜುಲೈ ಕೊನೆಯಿಂದ ಅಕ್ಟೋಬರ್‌ವರೆಗೆ ಹೊಲ ಮೇಯಿಸುತ್ತದೆ. ಉಳಿದ ಒಂಬತ್ತು ತಿಂಗಳು ಶೇಂಗಾ ಹೊಟ್ಟು, ಕಡಲೆ ಹೊಟ್ಟು, ತೊಗರಿ ಹೊಟ್ಟು, ಜೋಳದ ಕಣಿಕೆ ಮತ್ತು ಕೊಯ್ಲಾದ ಹೊಲಗಳ ಮೇವು. ಒಕ್ಕಲಿ ಕಾಲದಲ್ಲೇ ಹೊಟ್ಟು ಕೊಂಡು ಬಣವಿ ಒಟ್ಟಿ. ಏಪ್ರಿಲ್‌ನಲ್ಲಿ ಹುಡುಕಿದರೆ ರೊಕ್ಕ ಕೊಟ್ಟರೂ ಸಿಗುವುದು ಕಷ್ಟ.

ಎಮ್ಮೆಗಳನ್ನು ಈ ಲೆಕ್ಕದಿಂದ ಹೊರಗಿಡಿ. 400 ಕಿಲೋದ ಎಮ್ಮೆ ಒಂದೇ ದಿನಕ್ಕೆ 10 ಕಿಲೋ ಒಣ ಅಂಶ ತಿನ್ನುತ್ತದೆ, ಎರಡಕ್ಕೆ 20. ಅವಕ್ಕೆ ನೇಪಿಯರ್ ಕೊಯ್ದು ಕಟ್ಟಿದಲ್ಲೇ ಹಾಕಿ. ಧಾರವಾಡದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರದ ಡಿಎಚ್‌ಎನ್-6 ತಳಿ ನಿಮ್ಮ ಅರ್ಧ ಎಕರೆಗೆ ಆಗುತ್ತದೆ. ಎರಿಯಲ್ಲಿ ನೀರು ನಿಲ್ಲದ ಮೇಲ್ಭಾಗ ನೋಡಿ, ಬೋದು ಎತ್ತಿ ಹಚ್ಚಿ.

ಇನ್ನು ಬಿತ್ತನೆ. ಮಸಾರಿಗೆ ಅಂಜನ ಹುಲ್ಲು ಮತ್ತು ಸ್ಟೈಲೋ (ದ್ವಿದಳ ಮೇವು) ಬೆರಸಿ, ಎಕರೆಗೆ 2 ಕಿಲೋ ಅಂಜನ, 2 ಕಿಲೋ ಸ್ಟೈಲೋ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ, ಹಾಗೇ ಚೆಲ್ಲಿದರೆ ಅರ್ಧಕ್ಕರ್ಧ ಮೊಳೆಯುವುದಿಲ್ಲ. 80 ಡಿಗ್ರಿ ಬಿಸಿನೀರಿನಲ್ಲಿ 4 ನಿಮಿಷ ಅದ್ದಿ, ತೆಗೆದು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಹಾಕಿ, ನೆರಳಲ್ಲಿ ಆರಿಸಿ. ಕುದಿಯುವ ನೀರಲ್ಲ, ಕುದ್ದರೆ ಬೀಜ ಸಾಯುತ್ತದೆ. ಅಂಜನದ ಬೀಜ ಹತ್ತಿಯ ಹಾಗೆ ಹಗುರ, ಗಾಳಿಗೆ ಹಾರುತ್ತದೆ. ಹಸಿ ಉಸುಕು ಅಥವಾ ಸೆಗಣಿ-ಮಣ್ಣಿನಲ್ಲಿ ಕಲಸಿ ಚೆಲ್ಲಬೇಕು. ಅದರದ್ದೇ ಇನ್ನೊಂದು ತೊಡಕು, ಕೊಯ್ದ ಹೊಸ ಬೀಜ ಆರೇಳು ತಿಂಗಳು ನಿದ್ದೆಯಲ್ಲಿರುತ್ತದೆ. ಅಂಗಡಿಯವನನ್ನು ಯಾವಾಗ ಕೊಯ್ದದ್ದು ಎಂದು ಕೇಳಿ, ಹಿಂದಿನ ವರ್ಷದ್ದೇ ಒಳ್ಳೆಯದು.

ಮಿರಗದ ಮಳೆಗೆ ಕಸ ಹುಟ್ಟಲಿ, ಒಂದು ಸಲ ಹರಗಿ ಅದನ್ನು ಕೊಂದು, ಆರಿದ್ರಾದಲ್ಲಿ ಬಿತ್ತಿ. ಬೀಜ 1 ಸೆಂಟಿಮೀಟರ್‌ಗಿಂತ ಆಳ ಹೋಗಬಾರದು. ಮುಳ್ಳಿನ ಕೊರಡು ಎಳೆದರೆ ಸಾಕು, ಕುಂಟೆ ಹೊಡೆದರೆ ಹೂತುಹೋಗುತ್ತದೆ. ಬುಡಕ್ಕೆ ಎಕರೆಗೆ 2 ಟನ್ ಕೊಟ್ಟಿಗೆ ಗೊಬ್ಬರ, 50 ಕಿಲೋದ 2 ಚೀಲ ಸಿಂಗಲ್ ಸೂಪರ್ ಫಾಸ್ಫೇಟ್. ಸ್ಟೈಲೋ ಇರುವಲ್ಲಿ ಯೂರಿಯಾ ಸುರಿಯಬೇಡಿ, ಅಂಜನ ಎತ್ತರಕ್ಕೆ ಎದ್ದು ಸ್ಟೈಲೋವನ್ನು ಮುಚ್ಚಿಬಿಡುತ್ತದೆ.

ಎರಿಯಲ್ಲಿ ಅಂಜನ, ಸ್ಟೈಲೋ ಎರಡೂ ನೀರು ನಿಂತು ಕೊಳೆಯುತ್ತವೆ. ಅಲ್ಲಿಗೆ ಮಾರ್ವೆಲ್ ಹುಲ್ಲು, ಜೊತೆಗೆ ದ್ವಿದಳಕ್ಕೆ ಶಂಖಪುಷ್ಪ. ಹೌದು, ಪೂಜೆಗೆ ಹೂ ಕೊಯ್ಯುವ ಅದೇ ಬಳ್ಳಿ. ಕರಿಮಣ್ಣಿನಲ್ಲಿ ಅದರಷ್ಟು ಚೆನ್ನಾಗಿ ಬರುವ ಮೇವಿನ ಬಳ್ಳಿ ಕಡಿಮೆ.

ಮೊದಲ ವರ್ಷ ಕುರಿ ಬಿಡಲೇಬೇಡಿ. ಬೇರು ಹಿಡಿದಿರುವುದಿಲ್ಲ, ಕುರಿ ಬುಡಸಮೇತ ಕಿತ್ತು ತಿನ್ನುತ್ತದೆ. ಅಕ್ಟೋಬರ್‌ನಲ್ಲಿ ಬೀಜ ಉದುರಿದ ಮೇಲೆ ಒಮ್ಮೆ ಕೊಯ್ದು ಒಣಮೇವು ಮಾಡಿ. ಮೇಯುವುದೇನಿದ್ದರೂ ಎರಡನೇ ಮಳೆಗಾಲದಿಂದ.

---

ಬೇಲಿ_ಕೆಲಸ_ರಾಣೆಬೆನ್ನೂರ:

ಮೊದಲ ಹದ್ದುಬಸ್ತು ಮಾಡಿಸೀರೇನ್ರಿ? ಇಲ್ಲಂದ್ರ ಅರ್ಜಿ ಕೊಟ್ಟು ಸರ್ವೇದವರ ಕಡಿಂದ ಕಲ್ಲು ಹಾಕಿಸ್ಕೊಂಡ ಮ್ಯಾಲ ತೆಗ್ಗು ತೋಡ್ರಿ. ಬಂಡಿ ದಾರಿ ಇದ್ರ ಅದನ್ನ ಬಿಟ್ಟ ಹಾಕ್ರಿ. ಕಂಬ ಹುಗದ ಮ್ಯಾಲ ಬಾಜೂ ಹೊಲದವರು ಬಂದು ನಿಂತ್ರ ಖರ್ಚು ಎರಡ ಪಟ್ಟು.

ನಿಮ್ಮ ಸುತ್ತಳತಿ 1,716 ಫೂಟು. ಚೈನ್‌ಲಿಂಕ್‌ಗೆ 10 ಫೂಟಿಗೊಂದು ಕಂಬ ಅಂದ್ರ 172 ಕಂಬ, ಟೇಕು (ಕಂಬಕ್ಕ ಆಸರ ಕೊಡೂ ಓರೆ ಕಂಬ) ಬ್ಯಾರೆ. ಸುತ್ತೂ ಚೈನ್‌ಲಿಂಕ್ ಬೇಕಂತ ನನಗ ಅನಸೂದಿಲ್ಲ. ಬಾಜೂದಾಗ ಯಾರದಾರ ಗೋವಿನಜೋಳ, ಶೇಂಗಾ ಇದ್ರ ಆ ಕಡೆ ಹಾಕ್ರಿ, ಯಾಕಂದ್ರ ಆಡು ದಾಟಿದ ದಿನಾನ ಜಗಳ. ಉಳದ ಕಡೆ ತಂತಿ ಆದ್ರೂ ನಡೀತೈತಿ. ರೊಕ್ಕ ಉಳಸಿ ರಾತ್ರಿ ದೊಡ್ಡಿ ಗಟ್ಟಿ ಮಾಡ್ರಿ: 30 ಜೀವಕ್ಕ 30 ಫೂಟು ಉದ್ದ, 30 ಫೂಟು ಅಗಲ, 6 ಫೂಟು ಎತ್ತರದ ಜಾಲರಿ. ಕಪ್ಪತಗುಡ್ಡದ ಸುತ್ತಮುತ್ತ ತೋಳದ ಕಾಟ ಇರತೈತಿ. ತೋಳ ಜಿಗಿಯೂದಕ್ಕಿಂತ ಕೆಳಗ ಕೆದರಿ ಒಳಗ ಬರೂದು ಜಾಸ್ತಿ. ಅದಕ್ಕ ಜಾಲರಿ ಬುಡದಿಂದ ಹೊರಗಿನ ಬದಿಗೆ ಒಂದೂವರಿ ಫೂಟು ಜಾಲರಿ ನೆಲದ ಮ್ಯಾಲ ಹಾಸಿ, ಕಲ್ಲು-ಮಣ್ಣು ಹೇರ್ರಿ. ಬೇಲಿ ಬುಡಕ್ಕ ಬಂದು ಕೆದರಾಕ ಹತ್ತಿದ ಕೂಡಲೇ ಉಗುರು ಜಾಲರಿಗೆ ಸಿಗತಾವ.

ಜಾಲರಿ ಕಣ್ಣು 3 ಇಂಚು, 10 ಗೇಜ್. 4 ಇಂಚಿನ ಕಣ್ಣಿನಾಗ ಸಣ್ಣ ಮರಿ ನುಸುಳತಾವ, ಕೋಡಿನ ಆಡು ತಲಿ ಹಾಕಿ ಸಿಕ್ಕಿಬೀಳತಾವ.

ಈಗ ಎರಿ ಭಾಗದ ಕಂಬ. ಇಲ್ಲೇ ಎಲ್ಲಾರೂ ತಪ್ಪತಾರ. ಎರಿ ಮಣ್ಣು ಮಳಿಗಾಲದಾಗ ಉಬ್ಬತೈತಿ, ಬ್ಯಾಸಗಿಯಾಗ ಬಿರಿತೈತಿ. ತೆಗದ ಮಣ್ಣನ್ನ ಮತ್ತ ತೆಗ್ಗಿಗೆ ತುಂಬಿದ್ರ ಎರಡ ವರ್ಷದಾಗ ಕಂಬ ವಾಲತೈತಿ. ಮಸಾರಿಯಾಗ 2 ಫೂಟು ಆಳ ಸಾಕು, ಎರಿಯಾಗ 3 ಫೂಟು ಹೋಗ್ರಿ. ತೆಗ್ಗಿನ ತಳಕ್ಕ 4 ಇಂಚು ಖಡಿ, ಸುತ್ತೂ ಗರಸು, ಅರ್ಧ ಅರ್ಧ ಫೂಟಿಗೆ ನೀರು ಹೊಡದು ಹಾರಿಯಿಂದ ಗುದ್ರಿ. ಮ್ಯಾಲ ಮಣ್ಣು ಕಂಬದಿಂದ ಹೊರಗ ಇಳುಕಲಿ ಬರೂವಂಗ ಏರಸ್ರಿ. ತೆಗ್ಗಿನಾಗ ನೀರು ನಿಂತ್ರ ಗರಸು ಹಾಕಿದ್ದೂ ವ್ಯರ್ಥ.

ಮೂಲಿ ಕಂಬಕ್ಕ ಟೇಕು ಕೊಡೂದು ಎಲ್ಲಾರಿಗೂ ಗೊತ್ತು, ಆದ್ರ ಕಡದಾಗಿ ಕೊಡತಾರ. ನೆಲದ ಮ್ಯಾಲ 4 ಫೂಟು ಕಂಬ ಇದ್ರ ಟೇಕಿನ ತಲಿ ಸುಮಾರು 3 ಫೂಟಿಗೆ ಹತ್ತಬೇಕು, ಬುಡ ಕಂಬದಿಂದ 5-6 ಫೂಟು ದೂರ ಇರಬೇಕು, ತಂತಿ ಸಾಲಿನಾಗ, ಬೇಲಿ ಓಡೂ ದಿಕ್ಕಿಗೆ. ಬುಡ ಎರಡ ಫೂಟಿನಾಗ ಇಟ್ರ ತಂತಿ ಎಳದಂಗೆಲ್ಲಾ ಟೇಕು ಕಂಬಾನ ಆನಿಕೊಳ್ಳೂ ಬದಲಿ ಮ್ಯಾಲಕ್ಕ ಎತ್ತಿ ಒಗಿತೈತಿ. ಬುಡದ ಕೆಳಗ ಒಂದ ಚಪ್ಪಟಿ ಕಲ್ಲು ಹುಗೀರಿ, ಇಲ್ಲಂದ್ರ ಮಳಿಯಾಗ ಟೇಕು ಮಣ್ಣಿನಾಗ ಇಳದು ತಂತಿ ಸಡಲ ಆಗತೈತಿ. ಮೂಲಿಗೆ ಎರಡ ಟೇಕು, ನಡುವ 150 ಫೂಟಿಗೊಂದು ಕಂಬಕ್ಕ ಎರಡೂ ಕಡೆ ಟೇಕು.

ಹಳ್ಳ ದಾಟೂ ಕಡೆ ಬೇಲಿ ಮುಂದುವರಸಬ್ಯಾಡ್ರಿ. ಹೊಳಿ ಕಸ, ಟೊಂಗಿ ಬಂದು ಜಾಲರಿಗೆ ಸಿಕ್ಕು ಆಣೆಕಟ್ಟು ಕಟ್ಟಿದಂಗ ಆಗಿ, ಎರಡೂ ಕಡಿನ ಐದಾರು ಕಂಬ ಕಿತ್ತಕೊಂಡು ಹೋಗತೈತಿ. ಹಳ್ಳದ ಎರಡೂ ದಂಡಿಗೆ ಗಟ್ಟಿ ಕಂಬ ಹಾಕಿ ಬೇಲಿ ಮುಗಸ್ರಿ. ನಡುವ ಮ್ಯಾಲಿಂದ ಒಂದ ದಪ್ಪ ತಂತಿ ಎಳದು, ಅದಕ್ಕ ಬಿದಿರು ಗಳ ಸಾಲಾಗಿ ಜೋತು ಬಿಡ್ರಿ. ನೀರು ಬಂದಾಗ ಎತ್ತಿಕೊಂಡು ದಾರಿ ಬಿಡತಾವ, ಇಳದ ಮ್ಯಾಲ ತಾವ ಕೆಳಗ ಬರತಾವ.

---

ಝಟ್ಕಾ_ಹಾವೇರಿ:

ತಂತಿ ಬೇಲಿ ಲೆಕ್ಕ ನಾ ಹೇಳ್ತೀನಿ. ಕುರಿ-ಆಡಿಗೆ 5 ಸಾಲು ಬೇಕು. ನೆಲದಿಂದ 6, 12, 18, 28, 40 ಇಂಚು. ಕೆಳಗೆ ಒತ್ತಾಗಿರಬೇಕು, ಕುರಿ ಮೂತಿ ತೂರಿಸುವುದು ಕೆಳಗೇ. ಸುತ್ತಳತೆ 523 ಮೀಟರ್ × 5 = 2,615 ಮೀಟರ್. 12 ಗೇಜ್ ಜಿಐ (ಸತುವು ಲೇಪಿಸಿದ ಕಬ್ಬಿಣ) ತಂತಿ ಕಿಲೋಗೆ ಸುಮಾರು 24 ಮೀಟರ್ ಬರುತ್ತದೆ, ಗಂಟು-ಸುತ್ತು ಸೇರಿ 115 ಕಿಲೋ ತನ್ನಿ. 14 ಗೇಜ್ ಆದರೆ ಕಿಲೋಗೆ 40 ಮೀಟರ್, ಅಗ್ಗ, ಆದರೆ ಬೇಗ ಜೋಲುತ್ತದೆ. ಕಂಬ 20 ಫೂಟಿಗೊಂದು ಸಾಕು, ನಡುವೆ ಒಂದು ಗೂಟಕ್ಕೆ ತಂತಿ ಸಿಕ್ಕಿಸಿ. ಮುಳ್ಳುತಂತಿಗೆ ಎಂದೂ ಕರೆಂಟ್ ಕೊಡಬೇಡಿ. ಸಿಕ್ಕಿಕೊಂಡ ಪ್ರಾಣಿ ಬಿಡಿಸಿಕೊಳ್ಳಲಾಗದೆ ಏಟಿನ ಮೇಲೆ ಏಟು ತಿನ್ನುತ್ತದೆ.

ಮತ್ತೊಂದು, ಮನೆ ಲೈನಿನ 230 ವೋಲ್ಟ್ ನೇರವಾಗಿ ತಂತಿಗೆ ಕೊಡುವವರು ಇನ್ನೂ ಇದ್ದಾರೆ. ಅದು ಬೇಲಿಯಲ್ಲ, ಕೊಲೆ, ಕಾನೂನಿನಲ್ಲೂ ಅಪರಾಧ. ಎನರ್ಜೈಸರ್ (ಬೇಲಿಗೆ ಕರೆಂಟ್ ಕಳಿಸುವ ಯಂತ್ರ) ಸೆಕೆಂಡಿಗೆ ಒಂದರಂತೆ, ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕ ಏಟು ಕೊಡುತ್ತದೆ. ನಡುವಿನ ಬಿಡುವಿನಲ್ಲಿ ಕೈ ತೆಗೆಯಬಹುದು. ಪೆಟ್ಟಿಗೆ ಮೇಲೆ ಸುರಕ್ಷತಾ ಮಾನದಂಡದ ಗುರುತು ಐಇಸಿ 60335-2-76 ಎಂದು ಇದೆಯಾ ನೋಡಿ ತಗೊಳ್ಳಿ.

ಬ್ಯಾಟರಿ: ಯಂತ್ರ ತಿನ್ನುವ ಕರೆಂಟ್ ಲೇಬಲ್ ಮೇಲೆ ಇರುತ್ತದೆ. 0.2 ಆಂಪಿಯರ್ ಅನ್ನಿ, ದಿನಕ್ಕೆ 4.8 ಆಂಪಿಯರ್-ಅವರ್. ಜುಲೈನಲ್ಲಿ ಮೂರು ದಿನ ಮೋಡ ಕವಿದರೆ 14.4. ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 30ಕ್ಕಿಂತ ಕಡಿಮೆ ಬೇಡ. ಪ್ಯಾನಲ್ 40 ವ್ಯಾಟ್. ಕಿಟ್ ಜೊತೆ ಬರುವ 7 ಆಂಪಿಯರ್-ಅವರ್ ಬ್ಯಾಟರಿ ಮಳೆಗಾಲದ ಎರಡನೇ ರಾತ್ರಿಗೇ ಕೈಕೊಡುತ್ತದೆ, ಹುಲ್ಲು ತುಂಬಿದ ಹೊಲಕ್ಕೆ ಪ್ರಾಣಿ ನುಗ್ಗುವುದೂ ಆಗಲೇ.

ಕುರಿಗೆ ಉಣ್ಣೆ ಇರುವುದರಿಂದ ತಂತಿಯಲ್ಲಿ 4 ಕಿಲೋವೋಲ್ಟ್‌ಗಿಂತ ಕಡಿಮೆ ಇದ್ದರೆ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಹೊಸ ಕುರಿಗಳನ್ನು ಮೊದಲು ಎರಡು ಮೂರು ದಿನ ದೊಡ್ಡಿಯೊಳಗೆ, ಜಾಲರಿಯಿಂದ ಎರಡು ಫೂಟು ಈಚೆ ಒಂದು ತಂತಿ ಎಳೆದು ಕಲಿಸಿ. ಮೂಗಿಗೆ ತಾಗಿದರೆ ಹಿಂದೆ ಸರಿಯುತ್ತದೆ, ಬೆನ್ನಿಗೆ ತಾಗಿದರೆ ಮುಂದೆ ಜಿಗಿಯುತ್ತದೆ. ಬಯಲಲ್ಲಿ ಮೊದಲ ಏಟು ಬಿದ್ದರೆ ಅರ್ಧ ಹಿಂಡು ತಂತಿಯ ಆಚೆ.

---

ಎರಿ_ಕುಂದಗೋಳ:

ಝಟ್ಕಾ ಅಣ್ಣಾವರ, ನಡುವ ಒಂದ ಪ್ರಶ್ನೆ. ನಮ್ಮದು ಪೂರ್ತಿ ಎರಿ. ದೀಪಾವಳಿ ತನಕ ಮೀಟರ್ 6 ಕಿಲೋವೋಲ್ಟ್ ತೋರಸ್ತೈತಿ, ಮಾರ್ಚ್ ಬಂದ ಮ್ಯಾಲ ತಂತಿ ಹಿಡದ್ರೂ ಜುಮ್ ಅನ್ನೂದಿಲ್ಲ. ಯಂತ್ರ ಕೆಟ್ಟೈತೇನು?

---

ಝಟ್ಕಾ_ಹಾವೇರಿ:

ಬಹುಶಃ ಯಂತ್ರದ್ದಲ್ಲ, ಅರ್ಥಿಂಗ್‌ದು. ಏಟು ತಂತಿಯಿಂದ ಪ್ರಾಣಿಗೆ, ಪ್ರಾಣಿಯ ಕಾಲಿಂದ ನೆಲಕ್ಕೆ, ನೆಲದಿಂದ ಸಲಾಕಿಗೆ, ಅಲ್ಲಿಂದ ಯಂತ್ರಕ್ಕೆ ಮರಳಬೇಕು. ಎರಿ ಒಣಗಿ ಬಿರುಕು ಬಿಟ್ಟಾಗ ಸಲಾಕಿ ಸುತ್ತ ಮಣ್ಣೇ ಇರುವುದಿಲ್ಲ, ಬರೀ ಗಾಳಿ. ಮೀಟರ್ ಮಾತ್ರ ಒಳ್ಳೆಯ ಅಂಕಿ ತೋರಿಸಬಹುದು, ಪ್ರಾಣಿಗೆ ತಾಗುವುದಿಲ್ಲ.

ಪರೀಕ್ಷೆ ಹೀಗೆ: ಮೊದಲು ಬೇಲಿ ಬಿಚ್ಚಿ ಯಂತ್ರ ಒಂದನ್ನೇ ಅಳೆಯಿರಿ. ಸರಿ ಇದ್ದರೆ ಬೇಲಿ ಜೋಡಿಸಿ, ಯಂತ್ರದಿಂದ 100 ಮೀಟರ್ ಆಚೆ ಮೂರ್ನಾಲ್ಕು ಕಬ್ಬಿಣದ ಸರಳು ನೆಲಕ್ಕೆ ಹೊಡೆದು ತಂತಿಗೆ ಆನಿಸಿ. ತಂತಿಯ ವೋಲ್ಟೇಜ್ 2 ಕಿಲೋವೋಲ್ಟ್‌ಗಿಂತ ಕೆಳಗೆ ಬರಬೇಕು. ಆಗ ಯಂತ್ರದ ಅರ್ಥ್ ಸಲಾಕಿಗೂ, ಅದರಿಂದ ಒಂದು ಮೀಟರ್ ಆಚೆ ಚುಚ್ಚಿದ ಇನ್ನೊಂದು ಸರಳಿಗೂ ನಡುವೆ ಅಳೆಯಿರಿ. 0.3 ಕಿಲೋವೋಲ್ಟ್ ಮೀರಿದರೆ ಅರ್ಥಿಂಗ್ ಸಾಲದು. ಸರಳು ಎಷ್ಟು ಹೊಡೆದರೂ ತಂತಿಯ ವೋಲ್ಟೇಜ್ ಇಳಿಯುತ್ತಲೇ ಇಲ್ಲವೆಂದರೆ ನೆಲವೇ ಅಷ್ಟು ಒಣಗಿದೆ ಎಂದರ್ಥ.

ಕನಿಷ್ಠ 3 ಜಿಐ ಸಲಾಕಿ, 6 ಫೂಟು ಉದ್ದ, ಒಂದಕ್ಕೊಂದು 10 ಫೂಟು ದೂರ, ಮೂರನ್ನೂ ಒಂದೇ ತಂತಿಯಲ್ಲಿ ಕ್ಲಾಂಪ್ ಹಾಕಿ ಸೇರಿಸಿ. ಬೋರಿನ ಅಥವಾ ಟಿಸಿಯ (ಟ್ರಾನ್ಸ್‌ಫಾರ್ಮರ್) ಅರ್ಥಿಂಗ್‌ನಿಂದ 10 ಮೀಟರ್ ಆಚೆ ಇರಲಿ. ಜಿಐ ತಂತಿಗೆ ತಾಮ್ರದ ಸಲಾಕಿ ಜೋಡಿಸಬೇಡಿ, ಸೇರಿದ ಜಾಗ ತುಕ್ಕು ತಿನ್ನುತ್ತದೆ. ದನದ ನೀರಿನ ತೊಟ್ಟಿ ತುಂಬಿ ಹೊರಚೆಲ್ಲುವ ಜಾಗದಲ್ಲಿ ಸಲಾಕಿ ಹೊಡೆದರೆ ಮೇ ತಿಂಗಳಲ್ಲೂ ತೇವ ಇರುತ್ತದೆ. ಉಪ್ಪು ಸುರಿಯುವ ರೂಢಿ ಇದೆ, ಒಂದೆರಡು ವರ್ಷ ಚಲೋ, ಆಮೇಲೆ ಸಲಾಕಿಯೇ ಕರಗಿರುತ್ತದೆ.

ಅಷ್ಟಾದರೂ ಬೇಸಿಗೆಗೆ ಸಾಲದಿದ್ದರೆ ಐದು ಸಾಲಿನಲ್ಲಿ 1, 3, 5ಕ್ಕೆ ಕರೆಂಟ್, 2 ಮತ್ತು 4ನ್ನು ಯಂತ್ರದ ಅರ್ಥ್‌ಗೆ ಸೇರಿಸಿ. ತಲೆ ತೂರಿಸಿದ ಕುರಿ ಎರಡು ತಂತಿಗೂ ತಾಗುತ್ತದೆ, ನೆಲದ ಹಂಗು ಬೇಡ. ಮಸಾರಿ_ಹೊಲ ಅವರೂ ಕೆಳಗಿನ ಎಕರೆಗೆ ಹೀಗೇ ಮಾಡಿ. ತಂತಿ ಜೋಲಿ ಒಂದಕ್ಕೊಂದು ತಾಗಿದರೆ ಇಡೀ ಬೇಲಿ ಸತ್ತಹಾಗೆ, ಆದ್ದರಿಂದ ಅಲ್ಲಿ ಬಿಗಿ ಮುಖ್ಯ. ಗೇಟಿನ ಕೆಳಗೆ ದಾಟಿಸಲು ಮನೆ ವೈರಿಂಗ್‌ನ ವೈರ್ ಹೂಳಬೇಡಿ, ಅದರ ಪ್ಲಾಸ್ಟಿಕ್ ಇಷ್ಟು ವೋಲ್ಟೇಜ್ ತಡೆಯುವುದಿಲ್ಲ. ಬೇಲಿಗೆಂದೇ ಬರುವ ದಪ್ಪ ಕವಚದ ಕೇಬಲ್ ಬೇಕು.

---

ಗಜೇಂದ್ರಗಡ_ಹಟ್ಟಿ:

ಒಳಗಿನ ಭಾಗ ಹೆಂಗ ಅಂತ ಯಾರೂ ಹೇಳಿಲ್ಲಲ್ರಿ. ಮಸಾರಿ 3 ಎಕರೆ ಅಂದ್ರ 330 ಫೂಟು, 396 ಫೂಟು. ನಡುವ ಉದ್ದಕ ಒಂದ 10 ಫೂಟಿನ ಓಣಿ ಬಿಡ್ರಿ, ಎರಡೂ ಬದಿಗೆ ನಾಕ ನಾಕ ಭಾಗ. ಒಂದೊಂದು 160 ಫೂಟು, 99 ಫೂಟು, ಹದಿನಾಲ್ಕೂವರಿ ಗುಂಟೆ. ಎಂಟನ್ನೂ ಖಾಯಂ ಬೇಲಿ ಮಾಡಿದ್ರ ಓಣಿಯ ಎರಡು ಬದಿ 792 ಫೂಟು, ಅಡ್ಡ ಆರು ಸಾಲು 960 ಫೂಟು, ಒಟ್ಟು 1,752. ಹೊರಗಿನ ಬೇಲಿಗಿಂತ ಜಾಸ್ತಿ ಆತು!

ಓಣಿಯ ಎರಡು ಬದಿ ಅಷ್ಟ ಖಾಯಂ ಮಾಡ್ರಿ. ಅಡ್ಡ ಸಾಲಿಗೆ ನಾವು ಕುರಿ ತರಬೂ ಮುಂದ ಕಟ್ತೀವಲ್ಲ, ಅದ ನೈಲಾನ್ ಬಲಿ. ಹಿಂದೊಂದು ಮುಂದೊಂದು ಸಾಲು, 320 ಫೂಟು ಸಾಕು. 50 ಮೀಟರಿನ ಎರಡು ಬಲಿ, ಮೂರನೇದೊಂದು ಕೈಯಾಗಿದ್ರ ಕುರಿ ಇದ್ದಂಗ ಮುಂದಿನ ಭಾಗ ಕಟ್ಟಿ ಹಿಂದಿಂದು ಬಿಚ್ಚಬಹುದು. ಗೂಟ 10 ಫೂಟಿಗೊಂದು, ಕೆಳಗಿನ ಹಗ್ಗ ನೆಲಕ್ಕ ಕೊಕ್ಕಿ ಹೊಡದು ಬಿಗೀರಿ. ಸಡಲ ಬಲಿಯಾಗ ಕೋಡಿನ ಟಗರು ಸಿಕ್ಕು ಉರುಳು ಹಾಕ್ಕೋತೈತಿ. ಆಡು ಮಾತ್ರ ಬಲಿ ಕಡೀತಾವ, ಐದ ಅದಾವಲ್ಲ, ಬಲಿ ಒಳಗ ಗೂಟಕ್ಕ ಕಟ್ಟಿ ಮೇಯಿಸ್ರಿ, ಇಲ್ಲಾ ಓಣಿಯಾಗ ಸೊಪ್ಪು ಹಾಕ್ರಿ.

---

ದನದ_ದವಾಖಾನಿ:

ಭಾಗ ಬದಲಿಸುವ ದಿನದ ಬಗ್ಗೆ ಒಂದು ಮಾತು, ಯಾಕೆಂದರೆ ಇದು ಹುಲ್ಲಿನದ್ದಷ್ಟೇ ಅಲ್ಲ. ಹಿಕ್ಕೆಯಲ್ಲಿ ಬಿದ್ದ ಜಂತುಹುಳುವಿನ ಮೊಟ್ಟೆ ಬೆಚ್ಚಗಿನ ತೇವದಲ್ಲಿ ನಾಲ್ಕರಿಂದ ಆರು ದಿನಕ್ಕೆ ಸೋಂಕು ತಗಲಿಸುವ ಮರಿಯಾಗುತ್ತದೆ. ಅದಕ್ಕೇ ಒಂದು ಭಾಗದಲ್ಲಿ 4 ದಿನಕ್ಕಿಂತ ಹೆಚ್ಚು ನಿಲ್ಲಿಸಬಾರದು. 8 ಭಾಗ, 4 ದಿನ ಎಂದರೆ ಪ್ರತಿ ಭಾಗಕ್ಕೆ 28 ದಿನ ಬಿಡುವು. ಹುಲ್ಲು ಚಿಗುರಲು ಅದು ಸಾಕು, ಮಳೆಗಾಲದಲ್ಲಿ ಹುಳು ಸಾಯಲು ಸಾಲದು. ಹಾಗಾಗಿ ಒಂದು ಸುತ್ತು ಬಿಟ್ಟು ಒಂದು ಸುತ್ತು ಎರಡು ಭಾಗಗಳನ್ನು ಮೇಯಿಸದೆ ಕೊಯ್ದು ಎಮ್ಮೆಗೆ ಹಾಕಿ. ಕುರಿಯ ಜಂತು ಎಮ್ಮೆಯಲ್ಲಿ ಬಹುಮಟ್ಟಿಗೆ ಬೆಳೆಯದು. ಹುಲ್ಲು ಗೇಣಿಗಿಂತ ಕೆಳಗೆ ಇಳಿಯುವ ಮುಂಚೆ ಹಿಂಡು ಎಬ್ಬಿಸಿ, ಹುಳುವಿನ ಮರಿಗಳು ಹೆಚ್ಚಾಗಿ ಬುಡದಲ್ಲೇ ಇರುತ್ತವೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಬಿಡಿ.

ಔಷಧಿಯನ್ನು ಹಿಂಡಿಗೆಲ್ಲ ತಿಂಗಳಿಗೊಮ್ಮೆ ಕುಡಿಸುವುದು ಬೇಡ, ಹುಳು ಅದಕ್ಕೆ ಜಗ್ಗದಂತಾಗುತ್ತದೆ. ಕೆಳಗಿನ ಕಣ್ಣರೆಪ್ಪೆ ಮಗುಚಿ ನೋಡಿ. ಕೆಂಪಗಿದ್ದರೆ ಬಿಡಿ, ಬಿಳಿಚಿಕೊಂಡಿದ್ದರೆ ಅಥವಾ ಗದ್ದದ ಕೆಳಗೆ ನೀರು ತುಂಬಿ ಜೋತಿದ್ದರೆ ಅಂಥವಕ್ಕೆ ತೂಕ ನೋಡಿ ಕೊಡಿ. ಇ.ಟಿ. (ಕರುಳುಬೇನೆ) ಲಸಿಕೆ ಮೇ ತಿಂಗಳಲ್ಲೇ ಆಗಲಿ, ಹೊಸ ಚಿಗುರು ತಿಂದ ವಾರದಲ್ಲೇ ಚಲೋ ಮರಿಗಳು ಸಾಯುವುದು ಆ ರೋಗದಿಂದ.

ಹಿಂಗಾರಿ ಜೋಳ ಕೊಯ್ದ ಹೊಲದಲ್ಲಿ ಕೂಳೆ ಚಿಗುರಿದ್ದರೆ ಮಂದೆ ಬಿಡಬೇಡಿ. ಮೊಣಕಾಲೆತ್ತರದ ಒಳಗಿನ ಚಿಗುರು, ಅದರಲ್ಲೂ ನೀರಿಲ್ಲದೆ ಬಾಡಿದ್ದು, ಸಯನೈಡ್ ವಿಷ ಕಟ್ಟಿಕೊಂಡಿರುತ್ತದೆ. ಏದುಸಿರು, ತತ್ತರಿಸಿ ಬೀಳುವುದು, ಕೆಲವೊಮ್ಮೆ ಹತ್ತೇ ನಿಮಿಷದಲ್ಲಿ ಸಾವು. ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಬೇಕು. ಕೂಡಲೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಉಳಿದವನ್ನು ಮೊದಲು ಹೊಲದಿಂದ ಹೊಡೆದುಹಾಕಿ.

---

ಮಸಾರಿ_ಹೊಲ:

ಭಾಳ ಉಪಕಾರ ಆತ್ರಿ. ಈ ವರ್ಷ ದೊಡ್ಡಿ, ಹುಲ್ಲು ಬಿತ್ತನಿ, ಬಾಜೂ ಶೇಂಗಾ ಹೊಲದ ಕಡೆ ಜಾಲರಿ. ತಂತಿ ಮುಂದಿನ ವರ್ಷ, ಹೆಂಗೂ ಅಲ್ಲೀತನಕ ಕುರಿ ಬಿಡಂಗಿಲ್ಲ. ಎರಡ ಮಾತು ಉಳದಾವ. ಖರ್ಚು ಕಡಿಮಿ ಆಗಲಿ ಅಂತ ಗ್ಲಿರಿಸಿಡಿಯಾ ಜೀವಂತ ಬೇಲಿ ಮಾಡಬಹುದೇನು? ಓಣಿಯ ಗೇಟು ಎಲ್ಲಿ ಇಡಬೇಕು?

---

ಮೇವು_ಧಾರವಾಡ:

ತಂತಿಯ ಜೊತೆಗೆ ಹಚ್ಚಿ, ತಂತಿಯ ಬದಲಿಗೆ ಅಲ್ಲ. ಹೆಬ್ಬೆರಳಿಗಿಂತ ದಪ್ಪದ 5 ಫೂಟಿನ ಕಡ್ಡಿ, ಬುಡ ಓರೆಯಾಗಿ ಕೊಯ್ದು, ಒಂದು ಫೂಟು ಆಳ, ಒಂದೂವರೆ ಫೂಟಿಗೊಂದು, ಮಿರಗದಲ್ಲಿ. ಮೊದಲ ವರ್ಷ ಆಡು ತೊಗಟೆ ಸುಲಿಯದಂತೆ ನೋಡಿಕೊಳ್ಳಿ. ಸೊಪ್ಪಿನ ವಾಸನೆಗೆ ಕುರಿ ಮೊದಲು ಮೂಸಿ ಬಿಡುತ್ತವೆ, ಒಂದು ದಿನ ಬಾಡಿಸಿ ಹಾಕಿದರೆ ತಿನ್ನಲು ಕಲಿಯುತ್ತವೆ. ಬಳ್ಳಾರಿ ಜಾಲಿ ಯಾರಾದರೂ ಹೇಳಿದರೆ ಕೇಳಬೇಡಿ. ಕಾಯಿ ತಿಂದ ಕುರಿಯ ಹಿಕ್ಕೆಯಲ್ಲೇ ಬೀಜ ಹೊಲದ ತುಂಬ ಬೀಳುತ್ತದೆ.

---

ಬೇಲಿ_ಕೆಲಸ_ರಾಣೆಬೆನ್ನೂರ:

ಗೇಟು ಪ್ರತಿ ಭಾಗದ ಮೂಲ್ಯಾಗ, ದೊಡ್ಡಿ ಕಡಿನ ಮೂಲಿಗೆ. ಹಿಂಡು ಮನಿ ದಿಕ್ಕಿಗೇ ಓಡಿ ಮೂಲಿಗೆ ಒತ್ತತೈತಿ, ಗೇಟು ನಡುವ ಇದ್ರ ಅದನ್ನ ದಾಟಿ ಮೂಲ್ಯಾಗ ಸಿಕ್ಕಿ ನಿಲ್ಲತಾವ. ಅಗಲ ಓಣಿಯಷ್ಟ, 10 ಫೂಟು. ತೆಗದಾಗ ಗೇಟು ಓಣಿಗೆ ಅಡ್ಡ ನಿಂತು ಹಿಂಡನ್ನ ತಾನ ಒಳಗ ತಿರುವತೈತಿ. ಗೇಟಿನ ಬಾಯಾಗ ಅರ್ಧ ಫೂಟು ಗರಸು ಹಾಕ್ರಿ, ಇಲ್ಲಂದ್ರ ಮಳಿಗಾಲದಾಗ ರಾಡಿ. ಇನ್ನ ಬಿಜಾಗರಿ: ಕೆಳಗಿನ ಗೂಟದ ಮೊನಿ ಮ್ಯಾಲ ಮಾಡಿ, ಮ್ಯಾಲಿನ ಗೂಟದ ಮೊನಿ ಕೆಳಗ ಮಾಡಿ ಬೆಸೀರಿ. ಎರಡೂ ಮ್ಯಾಲ ಇದ್ರ ಎಮ್ಮಿ ಕೋಡು ಹಾಕಿ ಗೇಟನ್ನ ಸಲೀಸಾಗಿ ಎತ್ತಿ ಆಚೆ ಇಡತೈತಿ.